ಆ ನೊಟೇಶನ್ ಬರೆದವರು ಯಾರು?

ಎಲ್ಲರಿಗೂ ನಮಸ್ಕಾರ. ನನ್ನ ಪರಿಚಯಕ್ಕೇ ತುಂಬಾ ಹೊತ್ತು ಹೋಯಿತು, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಜಾಝ್ ಸಂಗೀತದಲ್ಲಿ ದೊಡ್ಡ ಬ್ಯಾಂಡ್ ನಡೆಸಿದ ಡಿಜ್ಜಿ ಗಿಲೆಸ್ಪಿ, ಕೌಂಟ್ ಬೇಸಿ, ಕ್ವಿನ್ಸಿ ಜೋನ್ಸ್. ಈ ಸಭೆಗೆ ಇವರ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಮೂವರ ಬ್ಯಾಂಡಿನಲ್ಲೂ ಟ್ರಾಂಬೋನ್, ಅಂದರೆ ಸ್ಲೈಡ್ ಎಂಬ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುವ ಹಿತ್ತಾಳೆ ವಾದ್ಯ, ನುಡಿಸಿದ ಒಬ್ಬ ಹೆಂಗಸು ಇದ್ದರು. ಮೆಲ್ಬಾ ಲಿಸ್ಟನ್. 1926ರ ಜನವರಿ 13ಕ್ಕೆ ಕನ್ಸಾಸ್ ಸಿಟಿಯಲ್ಲಿ ಹುಟ್ಟಿದವರು. ನೂರು ವರ್ಷದ ನೆಪದಲ್ಲಾದರೂ ಅವರ ಹೆಸರು ಒಮ್ಮೆ ಗಟ್ಟಿಯಾಗಿ ಹೇಳೋಣ ಅಂತ ಬಂದಿದ್ದೇನೆ.

ಏಳು ವರ್ಷದ ಹುಡುಗಿ ಟ್ರಾಂಬೋನ್ ನೋಡಿ ಅದೇ ಬೇಕು ಅಂದಳು. ಕೈ ಪುಟ್ಟದು, ಸ್ಲೈಡ್ ಪೂರ್ತಿ ಚಾಚಲು ಎಟುಕುತ್ತಿರಲಿಲ್ಲ. ಕತ್ತು ವಾಲಿಸಿಕೊಂಡು ಹೇಗೋ ನುಡಿಸುತ್ತಿದ್ದಳಂತೆ. ಎಂಟಕ್ಕೆಲ್ಲ ಅಲ್ಲಿನ ರೇಡಿಯೋದಲ್ಲಿ ಒಬ್ಬಳೇ ನುಡಿಸುವ ಸೋಲೋ! ಆಮೇಲೆ ಮನೆಯವರು ಲಾಸ್ ಏಂಜಲೀಸ್‌ಗೆ ಬಂದರು. ಅಲ್ಲಿ ಆಲ್ಮಾ ಹೈಟವರ್ ಎಂಬ ಟೀಚರ್ ಸಿಕ್ಕರು. ಮಕ್ಕಳನ್ನು ಸೇರಿಸಿ ಬ್ಯಾಂಡ್ ಕಟ್ಟಿ ಕಲಿಸುತ್ತಿದ್ದವರು. ಸ್ಯಾಕ್ಸೋಫೋನಿನ ವೈ ರೆಡ್ ಕೂಡ ಅವರ ಶಿಷ್ಯೆಯೇ. ಈ ಟೀಚರಮ್ಮನ ಹೆಸರು ಇಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಬೇಡಿ, ಗೊತ್ತು ನನಗೆ.

ಈಗ ನನಗೆ ತುಂಬಾ ಇಷ್ಟದ ಕಥೆ. ಮೊದಲೇ ಕೇಳಿದವರು ಕ್ಷಮಿಸಿ. ಡಿಜ್ಜಿ ಈಕೆಯನ್ನು ಕ್ಯಾಲಿಫೋರ್ನಿಯಾದಿಂದ ತನ್ನ ಬ್ಯಾಂಡಿಗೆ ಕರೆಸಿಕೊಂಡರು. ಉಳಿದವರಿಗೆ ಸಿಟ್ಟು. ಅಷ್ಟು ದೂರದಿಂದ ಒಂದು ಹೆಣ್ಣನ್ನು ಯಾಕೆ ಕರೆಸಬೇಕಿತ್ತು ಅಂತ ಗೊಣಗಿದರು. ಅವರು ಬಳಸಿದ ಪದವನ್ನು ನಾನು ಇಲ್ಲಿ ಹೇಳುವುದಿಲ್ಲ, ಮುಂದಿನ ಸಾಲಿನಲ್ಲಿ ಮಕ್ಕಳಿದ್ದಾರೆ. ಡಿಜ್ಜಿ ವಾದಕ್ಕೆ ಹೋಗಲಿಲ್ಲ. ನೀವು ಬರೆದುಕೊಂಡು ಬಂದ ನೊಟೇಶನ್ ಹಂಚಿ ಅಂತ ಮೆಲ್ಬಾಗೆ ಅಂದರು, ಅಂದರೆ ಯಾವ ವಾದ್ಯ ಏನು ನುಡಿಸಬೇಕು ಎಂಬ ಸ್ವರಗಳ ಬರಹ. ಮೆಲ್ಬಾ ಹಂಚಿದರು. ಗಂಡಸರು ಶುರು ಮಾಡಿದರು. ಎರಡು ತಾಳದ ಸುತ್ತು ದಾಟುವಷ್ಟರಲ್ಲಿ ತಾಳ ಎಲ್ಲೋ, ಇವರೆಲ್ಲೋ! ಆಗ ಡಿಜ್ಜಿ ಅವರದೇ ಬೈಗುಳವನ್ನು ಅವರಿಗೇ ತಿರುಗಿಸಿ, ಈಗ ಹೇಳಿ, ಅದು ಯಾರು ಅಂತ ಕೇಳಿದರಂತೆ.

ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬರುತ್ತದೆ. ಆದರೆ ಮೆಲ್ಬಾ ಇದರ ಮುಂದಿನದ್ದನ್ನೂ ಹೇಳಿದ್ದಾರೆ. ಅವತ್ತಿನಿಂದ ಅವರು ಎಲ್ಲರಿಗೂ ಅಕ್ಕ, ಅಮ್ಮ, ಚಿಕ್ಕಮ್ಮ. ಅಂಗಿಗೆ ಗುಂಡಿ ಹೊಲಿಯಬೇಕು, ಕೂದಲು ಕತ್ತರಿಸಬೇಕು. ನೋಡಿ, ಈಗ ನಕ್ಕವರಲ್ಲಿ ಹೆಂಗಸರೇ ಜಾಸ್ತಿ.

ನನ್ನ ತಕರಾರು ಇದು. ರೆಕಾರ್ಡ್ ಕೇಳುತ್ತೇವೆ. ಯಾರ ಸೋಲೋ, ಯಾರ ಬ್ಯಾಂಡ್ ಎಂದು ಕೇಳುತ್ತೇವೆ. ಇಷ್ಟು ವಾದ್ಯಗಳಲ್ಲಿ ಯಾವುದು ಯಾವಾಗ ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ಕೂತು ಬರೆದವರು ಯಾರು? ಮದುವೆ ಊಟ ಚೆನ್ನಾಗಿದ್ದರೆ ಅಡುಗೆ ಭಟ್ಟರ ಫೋನ್ ನಂಬರನ್ನಾದರೂ ಕೇಳುತ್ತೇವೆ. ಹೀಗೆ ಕೂತು ಬರೆಯುವ ಅರೇಂಜರ್ ಹೆಸರು ಕೇಳಿದವರನ್ನು ನಾನು ಕಂಡಿಲ್ಲ.

ದಾರಿ ಸುಲಭ ಇರಲಿಲ್ಲ. ಗಾಯಕಿ ಬಿಲ್ಲಿ ಹಾಲಿಡೇ ಜೊತೆ ಅಮೆರಿಕದ ದಕ್ಷಿಣಕ್ಕೆ ಹೋದ ಪ್ರವಾಸ ಎಷ್ಟು ಬೇಸರ ತಂದಿತೆಂದರೆ, ಬಂದವರೇ ನುಡಿಸುವುದನ್ನು ಬಿಟ್ಟು ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತೆ ಕೆಲಸ ಹಿಡಿದರು. ಹಾಲಿವುಡ್ಡಿನಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದರು. 1956ರಲ್ಲಿ ಅಮೆರಿಕ ಸರ್ಕಾರ ಕಳಿಸಿದ ಡಿಜ್ಜಿ ಬ್ಯಾಂಡಿನಲ್ಲಿ ಮತ್ತೆ ಹೊರಟರು. ಕರಾಚಿ, ಢಾಕಾವರೆಗೂ ಬಂದ ತಂಡ ಅದು. ನಮ್ಮಲ್ಲಿಗೆ ಬರಲಿಲ್ಲ. ಅದು ಬೇರೆ ಕಥೆ, ಬಿಡಿ.

1958ರಲ್ಲಿ ಹೆಂಗಸರದ್ದೇ ಒಂದು ತಂಡ ಕಟ್ಟಿದರು. ಅವರ ಒಬ್ಬರದೇ ಹೆಸರಲ್ಲಿ ಬಂದ ಆಲ್ಬಂ ಒಂದೇ ಒಂದು. ಪಿಯಾನೋದ ರ‍್ಯಾಂಡಿ ವೆಸ್ಟನ್‌ಗೆ ಬರೆದುಕೊಟ್ಟದ್ದಕ್ಕೆ ಮಾತ್ರ ಲೆಕ್ಕವಿಲ್ಲ. ವೆಸ್ಟನ್ ದೊಡ್ಡ ಮನುಷ್ಯ, ಹೋದಲ್ಲೆಲ್ಲ ಈಕೆಯ ಹೆಸರು ಹೇಳುತ್ತಿದ್ದರು. ಹೇಳದವರೇ ಜಾಸ್ತಿ. ಅದಕ್ಕೇ ಮತ್ತೆ ಕೇಳುತ್ತೇನೆ, ಬರೆದವರು ಯಾರು?

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಮೆಲ್ಬಾ ಪಾಠ ಹೇಳಿದ ವಿಷಯ ಇನ್ನೂ ಶುರುವೇ ಆಗಿಲ್ಲ, ನಾನು ಮುಖ್ಯವಾಗಿ ಹೇಳಬೇಕೆಂದಿದ್ದೇ ಅದು! ಬೇಗ ಹೇಳಿಬಿಡುತ್ತೇನೆ. ನ್ಯೂಯಾರ್ಕಿನಲ್ಲಿ ಹಾರ್ಲೆಮ್, ಬ್ರೂಕ್ಲಿನ್ ಮಕ್ಕಳಿಗೆ ಕಲಿಸಿದರು. 1973ರಲ್ಲಿ ಜಮೈಕಾಗೆ ಹೋದರು. ಅಲ್ಲಿನ ಸಂಗೀತ ಶಾಲೆಯಲ್ಲಿ ಜಾಝ್ ಮತ್ತು ಜನಪ್ರಿಯ ಸಂಗೀತ ಕಲಿಸುತ್ತಾ 1979ರವರೆಗೆ ಇದ್ದರು. ಕೈತುಂಬಾ ಕೆಲಸವಿದ್ದ ನ್ಯೂಯಾರ್ಕ್ ಬಿಟ್ಟು ಟೀಚರ್ ಆಗಿ ಹೋಗುವುದು ಸಣ್ಣ ನಿರ್ಧಾರ ಅಲ್ಲ, ಅಲ್ವಾ? ವಾಪಸ್ ಬಂದು ಮತ್ತೆ ತಂಡ ಕಟ್ಟಿದರು. 1985ರಲ್ಲಿ ಪಾರ್ಶ್ವವಾಯು ಹೊಡೆಯಿತು. ಟ್ರಾಂಬೋನ್ ನಿಂತಿತು. ಕಂಪ್ಯೂಟರ್ ಕಲಿತು ಅದರಲ್ಲಿ ನೊಟೇಶನ್ ಬರೆದರು. 1999ರಲ್ಲಿ ತೀರಿಕೊಳ್ಳುವ ಕೆಲವು ವರ್ಷ ಮೊದಲಿನವರೆಗೂ ವೆಸ್ಟನ್ ಆಲ್ಬಂಗಳಿಗೆ ಬರೆಯುತ್ತಲೇ ಇದ್ದರು.

ಆಯಿತು, ಆಯಿತು, ಮುಗಿಸಿದೆ. ಧ್ವನಿವರ್ಧಕದ ಹುಡುಗರೇ, ವೆಸ್ಟನ್‌ಗೆ ಮೆಲ್ಬಾ ಬರೆದುಕೊಟ್ಟ 1960ರ ಆಲ್ಬಂ 'ಉಹುರು ಆಫ್ರಿಕಾ' ಹಾಕಿ. ಪಿಯಾನೋ ವೆಸ್ಟನ್ ಅವರದ್ದು, ಅದು ಹೇಗೂ ಕೇಳಿಸುತ್ತದೆ. ನೀವು ಹಿಂದಿನ ಹಿತ್ತಾಳೆ ವಾದ್ಯಗಳ ಕಡೆ ಕಿವಿ ಕೊಡಿ.