ಟೆನೆಸ್ಸೀ ನದಿಯ ದಡದ ಫ್ಲಾರೆನ್ಸ್

ಕೇಳುಗರಿಗೆ ನಮಸ್ಕಾರ. ಮಗನ ಮನೆಗೋ ಮಗಳ ಮನೆಗೋ ಅಂತ ಅಮೆರಿಕಕ್ಕೆ ಹೋಗಿಬರುವ ನಮ್ಮವರು ಈಗ ಜಾಸ್ತಿ. ಅವರಿಗೆ ಎಲ್ಲರೂ ತೋರಿಸುವುದು ನಯಾಗರಾ, ನ್ಯೂಯಾರ್ಕ್. ಮಕ್ಕಳು ಅಟ್ಲಾಂಟಾ, ನ್ಯಾಶ್‌ವಿಲ್, ಹಂಟ್ಸ್‌ವಿಲ್ ಕಡೆ ಇದ್ದರೆ ಇನ್ನೊಂದು ಊರಿಗೂ ಕರೆದುಕೊಂಡು ಹೋಗಲು ಹೇಳಿ. ಅಲಬಾಮಾ ರಾಜ್ಯದ ಫ್ಲಾರೆನ್ಸ್. ಟೆನೆಸ್ಸೀ ನದಿಯ ದಡದಲ್ಲಿದೆ, ಜನಸಂಖ್ಯೆ ಸುಮಾರು 40 ಸಾವಿರ. ಇಲ್ಲಿ ನೋಡಬೇಕಾದದ್ದು ಕೆಲವು ಮನೆಗಳು, ಒಂದು ಕಲ್ಲಿನ ಗೋಡೆ, ಹಾಡು ರೆಕಾರ್ಡ್ ಮಾಡುತ್ತಿದ್ದ ಒಂದೆರಡು ಸ್ಟುಡಿಯೋ. ಕಲೆ ಹುಟ್ಟಿದ ಜಾಗದಲ್ಲೇ ನಿಂತು ನೋಡಬಹುದು ಅನ್ನುವುದೇ ಇಲ್ಲಿಯ ವಿಶೇಷ.

ಮೊದಲು ಮರದ ದಿಮ್ಮಿಗಳ ಒಂದು ಪುಟ್ಟ ಮನೆ. 1873ರಲ್ಲಿ ಸಂಗೀತಗಾರ ಡಬ್ಲ್ಯೂ. ಸಿ. ಹ್ಯಾಂಡಿ ಹುಟ್ಟಿದ್ದು ಇದರಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡು ಆಗಿನ್ನೂ ಎಂಟು ವರ್ಷ. ಅಪ್ಪ ಪಾದ್ರಿ. ಹುಡುಗ ದುಡ್ಡು ಕೂಡಿಟ್ಟು ಗಿಟಾರ್ ಕೊಂಡು ತಂದ. ಅಪ್ಪನಿಗೆ ಅದು ಸೈತಾನನ ವಸ್ತು. ಅಂಗಡಿಗೆ ವಾಪಸ್ ಕೊಡಿಸಿದರು, ಬದಲಿಗೆ ನಿಘಂಟು ತರಿಸಿದರು! ಅದೇ ಹುಡುಗ ಬೆಳೆದು, ಕಪ್ಪು ಜನ ತಮ್ಮ ಕಷ್ಟಕ್ಕೆ ಹಾಡಿಕೊಳ್ಳುತ್ತಿದ್ದ ಬ್ಲೂಸ್ ಹಾಡುಗಳಿಗೆ ಸ್ವರಲಿಪಿ ಬರೆದು, ಅಚ್ಚು ಹಾಕಿಸಿ, ಲೋಕಕ್ಕೆಲ್ಲ ಮುಟ್ಟಿಸಿದ. ಆತನ ಪಿಯಾನೋ, ತುತ್ತೂರಿ, ಕೈಬರಹದ ಹಾಳೆಗಳು ಅಲ್ಲಿವೆ. ಮಗನಿಗೆ ಸಂಗೀತ ಬೇಡ ಅನ್ನುವ ಅಪ್ಪಂದಿರು ನಮ್ಮಲ್ಲೂ ಇದ್ದರಲ್ವಾ? ಹಾಗಾಗಿ ಈ ಮನೆ ನಮಗೆ ಬೇಗ ಹತ್ತಿರವಾಗುತ್ತದೆ.

ನದಿ ದಾಟಿದರೆ ಮಸಲ್ ಶೋಲ್ಸ್, ಶೆಫೀಲ್ಡ್. 1960ರ ದಶಕದಲ್ಲಿ ಅಲಬಾಮಾದಲ್ಲಿ ಕಪ್ಪು ಜನ ಮತ್ತು ಬಿಳಿಯರು ಒಂದೇ ಹೋಟೆಲಿನಲ್ಲಿ ಊಟಕ್ಕೆ ಕೂರುವುದೇ ಜಗಳಕ್ಕೆ ಕಾರಣವಾಗುತ್ತಿತ್ತು. ಅದೇ ಕಾಲದಲ್ಲಿ ಇಲ್ಲಿಯ ಫೇಮ್ ಸ್ಟುಡಿಯೋದಲ್ಲಿ ಕಪ್ಪು ಗಾಯಕರಿಗೆ ಸ್ಥಳೀಯ ಬಿಳಿ ಹುಡುಗರು ವಾದ್ಯ ನುಡಿಸಿದರು. 1967ರಲ್ಲಿ ಹೆಸರಾಂತ ಕಪ್ಪು ಗಾಯಕಿ ಅರೀತಾ ಫ್ರಾಂಕ್ಲಿನ್ ಬಂದು ಹಾಡಿದ್ದು ಇಲ್ಲೇ. ಆ ವಾದ್ಯಗಾರರಲ್ಲಿ ನಾಲ್ವರು 1969ರಲ್ಲಿ ಶೆಫೀಲ್ಡ್‌ನಲ್ಲಿ ತಮ್ಮದೇ ಸ್ಟುಡಿಯೋ ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಕ್ ಸಂಗೀತದ ರೋಲಿಂಗ್ ಸ್ಟೋನ್ಸ್ ತಂಡ ರೆಕಾರ್ಡ್ ಮಾಡಲು ಅಲ್ಲಿಗೆ ಬಂತು. ಎರಡೂ ಸ್ಟುಡಿಯೋ ಒಳಗೆ ಹೋಗಿ ನೋಡಬಹುದು.

ಕಟ್ಟಡಗಳ ಮೇಲೆ ಪ್ರೀತಿ ಇರುವವರು ರೋಸೆನ್‌ಬಾಮ್ ಮನೆ ನೋಡಿ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅಲಬಾಮಾದಲ್ಲಿ ಕಟ್ಟಿಸಿದ್ದು ಇದೊಂದೇ.

ನನ್ನ ಮಾತು ಕೇಳುವುದಾದರೆ, ಜಾಸ್ತಿ ಹೊತ್ತು ಗೋಡೆಗೆ ಕೊಡಿ. ಊರಿನಿಂದ ಸ್ವಲ್ಪ ದೂರ, ನ್ಯಾಚೆಝ್ ಟ್ರೇಸ್ ರಸ್ತೆಯ ಪಕ್ಕದ ಕಾಡಿನಲ್ಲಿದೆ. ಟಾಮ್ ಹೆಂಡ್ರಿಕ್ಸ್ ಎಂಬುವರು ಸುಮಾರು 30 ವರ್ಷ ಕಲ್ಲು ಹೊತ್ತು ತಂದು ಇದನ್ನು ಕಟ್ಟಿದರು. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಕಲ್ಲಿನ ಮೇಲೆ ಕಲ್ಲು. ಉದ್ದ ಒಂದು ಮೈಲಿಗೂ ಹೆಚ್ಚು. ಅವರ ಮುತ್ತಜ್ಜಿಯ ತಾಯಿ ತೆಲಾನೇ, ಯೂಚಿ ಬುಡಕಟ್ಟಿನ ಹುಡುಗಿ. 1830ರ ದಶಕದಲ್ಲಿ ಸರ್ಕಾರ ಮೂಲನಿವಾಸಿಗಳನ್ನು ಎಬ್ಬಿಸಿ ಈಗಿನ ಓಕ್ಲಹೋಮಾಕ್ಕೆ ಅಟ್ಟಿದಾಗ ಅವಳೂ ಹೋದಳು. ಅಲ್ಲಿಯ ಹೊಳೆಗಳು ಹಾಡುವುದಿಲ್ಲ, ನನ್ನ ನದಿ ಹಾಡುತ್ತದೆ ಎಂದು ವರ್ಷಗಟ್ಟಲೆ ನಡೆದು ಇದೇ ಟೆನೆಸ್ಸೀ ದಡಕ್ಕೆ ಮರಳಿದಳು. ಮನೆಯವರು ಹೇಳಿಕೊಂಡು ಬಂದ ಕಥೆ ಇದು. ಅವಳ ಒಂದೊಂದು ಹೆಜ್ಜೆಗೆ ಒಂದೊಂದು ಕಲ್ಲು. ಹೆಂಡ್ರಿಕ್ಸ್ 2017ರಲ್ಲಿ ತೀರಿಕೊಂಡರು. ಗೋಡೆಯ ಗುಂಟ ಪೂರ್ತಿ ನಡೆಯಿರಿ, ಸುಮ್ನೆ ಫೋಟೋ ತೆಗೆದು ಹೊರಡಬೇಡಿ.

ಹತ್ತಿರದ ಟಸ್ಕಂಬಿಯಾದಲ್ಲಿ ಹೆಲೆನ್ ಕೆಲ್ಲರ್ ಹುಟ್ಟಿದ ಮನೆ ಇದೆ. ಕಣ್ಣು, ಕಿವಿ ಎರಡೂ ಇಲ್ಲದ ಆ ಹುಡುಗಿ ಕೈಮೇಲೆ ನೀರು ಸುರಿಸಿಕೊಂಡು ಮೊದಲ ಪದ ಕಲಿತ ಪಂಪು ಹಿತ್ತಲಲ್ಲೇ ಇದೆ. ಬೇಸಿಗೆಯಲ್ಲಿ ಅದೇ ಅಂಗಳದಲ್ಲಿ ಅವರ ಬಾಲ್ಯದ ನಾಟಕ ಆಡುತ್ತಾರೆ. ಜುಲೈನಲ್ಲಿ ಫ್ಲಾರೆನ್ಸ್‌ನಲ್ಲಿ ಹ್ಯಾಂಡಿ ಹೆಸರಿನ ಸಂಗೀತೋತ್ಸವ ಇರುತ್ತದೆ. ಎರಡರ ದಿನವನ್ನೂ ಮೊದಲೇ ವಿಚಾರಿಸಿಕೊಳ್ಳಿ. ಸೆಕೆ ಮಾತ್ರ ನಮ್ಮ ಮಂಗಳೂರಿನದೇ, ಹತ್ತಿ ಬಟ್ಟೆ ಇಟ್ಟುಕೊಂಡು ಹೊರಡಿ. ನಮಸ್ಕಾರ.