ಪ್ಲೇಗು ಕಟ್ಟಿಸಿದ ಮಲ್ಲೇಶ್ವರಂ

ಕೇಳುಗರಿಗೆ ನಮಸ್ಕಾರ. ಮಲ್ಲೇಶ್ವರಂ ಅಂದ ಕೂಡಲೇ ಜನ ದೋಸೆ, ಹೂವಿನ ಮಾರ್ಕೆಟ್ಟು, ಸಂಪಿಗೆ ರಸ್ತೆ ಅಂತ ಶುರು ಮಾಡಿಬಿಡುತ್ತಾರೆ. ಮಾಡಲಿ. ನಾನು ಬಂದಿರುವುದು ಒಂದೇ ಮಾತು ಹೇಳಲಿಕ್ಕೆ: ಈ ಬಡಾವಣೆಯನ್ನು ಕಟ್ಟಿಸಿದ್ದು ಪ್ಲೇಗು.

1898ರ ಆಗಸ್ಟ್. ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿಕೊಂಡು ರೋಗ ಬೆಂಗಳೂರಿಗೆ ಬಂದಿಳಿಯಿತು. ಆಗಿನ ಪೇಟೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಮುಂದೆ ಅಂಗಡಿ, ಒಳಗೆ ದವಸದ ಮೂಟೆ. ಮೂಟೆ ಇದ್ದಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ. ರೋಗ ತರುವುದು ಚಿಗಟ ಎಂದು ಇಲ್ಲಿ ಯಾರೂ ಶಂಕಿಸಿಯೇ ಇರಲಿಲ್ಲ. ಅದೇ ವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ರೋಗ ದಾಟಿಸುವುದು ಚಿಗಟವೇ ಎಂದು ಪ್ರಯೋಗ ಮಾಡಿ ತೋರಿಸಿದರು. ವರ್ಷಗಟ್ಟಲೆ ಜನ ನಂಬಲೇ ಇಲ್ಲ. ನಮ್ಮವರು ಬೈದದ್ದು ಕತ್ತಲೆಯನ್ನು, ಕೊಳಕನ್ನು, ಕೆಟ್ಟ ಗಾಳಿಯನ್ನು. ಇಲಿ ಸತ್ತು ಬಿತ್ತು ಅಂದರೆ ಸಾಕು, ಮಂದಿ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹೂಡುತ್ತಿದ್ದರು. ವಿ.ಪಿ. ಮಾಧವರಾಯರು ಸಂಸ್ಥಾನದ ಪ್ಲೇಗ್ ಕಮಿಷನರ್. ಮುಂದೆ ದಿವಾನರೂ ಆದರು. ಪ್ಲೇಗಿನ ಕೆಲಸಕ್ಕೆಂದೇ ಊರಿನಲ್ಲಿ ಟೆಲಿಫೋನ್ ತಂತಿ ಎಳೆದರು ಅಂದರೆ ಗಾಬರಿ ಎಷ್ಟಿತ್ತು ನೋಡಿ!

ಹೊಸ ಬಡಾವಣೆಯ ಯೋಚನೆ ಮೊದಲೇ ಇತ್ತು, ನಿಜ. ಆದರೆ ಅದಕ್ಕೆ ಕಾಲು ಕೊಟ್ಟದ್ದು ಪ್ಲೇಗು. ಉತ್ತರಕ್ಕೆ ಮಲ್ಲೇಶ್ವರಂ, ದಕ್ಷಿಣಕ್ಕೆ ಬಸವನಗುಡಿ. ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಕನ್ಸರ್ವೆನ್ಸಿ ಓಣಿ. ಮಲ ಹೊರುವವರು ಮುಂಬಾಗಿಲಿಗೆ ಬರದಿರಲಿ ಎಂದು ಮಾಡಿದ ಓಣಿ ಅದು. ಊರಿನ ಆರೋಗ್ಯವನ್ನು ಹೊತ್ತವರು ಅವರೇ, ಹಿಂದಿನ ದಾರಿಯಲ್ಲೇ ಓಡಾಡಿದವರೂ ಅವರೇ. ಇದನ್ನು ಬಿಟ್ಟು ಮಲ್ಲೇಶ್ವರಂ ವೈಭವ ಹಾಡುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಕಾರಣ ತಪ್ಪು ತಿಳಿದಿದ್ದರೂ ಊರನ್ನು ಸರಿಯಾಗಿಯೇ ಕಟ್ಟಿದರು: ಮನೆ ಮನೆಗೆ ಅಂತರ ಬಿಟ್ಟಾಗ ಇಲಿಯ ಓಡಾಟವೂ ಕಷ್ಟವಾಯಿತು.

ಕಾಡು ಮಲ್ಲೇಶ್ವರ ದೇವಸ್ಥಾನದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಓಡುತ್ತಿದೆ. ಬಡಾವಣೆಗೂ ಮುಂಚೆ ಅಲ್ಲಿ ಮಲ್ಲಾಪುರ ಎಂಬ ಹಳ್ಳಿ ಇತ್ತು; ಶಿವಾಜಿಯ ಮಲತಮ್ಮ ಏಕೋಜಿಯ 1669ರ ಶಾಸನದಲ್ಲಿ ಅದರ ಹೆಸರಿದೆ. ಎದುರಿನ ನಂದಿತೀರ್ಥ ದೇವಸ್ಥಾನ 1997ರಲ್ಲಿ ಮಣ್ಣಿನಡಿಯಿಂದ ಎದ್ದು ಬಂತು. ಅದಕ್ಕೆ ಏಳು ಸಾವಿರ ವರ್ಷ ಅಂತ ಮೊಬೈಲಿನಲ್ಲಿ ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಪಕ್ಕದ ವಿಜ್ಞಾನ ಸಂಸ್ಥೆ, ಸಿ.ವಿ. ರಾಮನ್ ಅವರ ಮನೆ, ಇವೆಲ್ಲ ಇನ್ನೊಮ್ಮೆ.

ಅಲ್ಲಿ ಹಳೆ ಮನೆ ಇರುವವರಿಗೆ ಒಂದು ಕೋರಿಕೆ. ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವವರು ಬಂದಾಗ ನಕ್ಷೆಯಲ್ಲಿ ಎಷ್ಟು ಬಯಲು ಬಿಟ್ಟಿದ್ದಾರೆ ಎಂದು ಮೊದಲು ನೋಡಿ, ಕೋಣೆಗಳ ಲೆಕ್ಕ ಆಮೇಲೆ ಕೇಳಿ. ನಮಸ್ಕಾರ.