ಕುದುರೆಮುಖವೋ, ಕುಮಾರ ಪರ್ವತವೋ? ಘಟ್ಟದ ಹುಲ್ಲುಗಾವಲುಗಳು

ಮಂಗಳೂರು, ಉಡುಪಿಯಲ್ಲಿರುವ ನಮಗೆ ಹುಲ್ಲುಗಾವಲು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಕಾರ್ಕಳ, ಕೊಲ್ಲೂರು, ಸುಬ್ರಹ್ಮಣ್ಯ, ಯಾವ ಕಡೆಯಿಂದ ಘಟ್ಟ ಹತ್ತಿದರೂ ನೆತ್ತಿಯಲ್ಲಿ ಹುಲ್ಲೇ ಸಿಗುತ್ತದೆ. ಆದರೆ ಎಲ್ಲ ಬೆಟ್ಟಗಳ ಹುಲ್ಲೂ ಒಂದೇ ತೆರನಲ್ಲ.

ಈ ವಿಡಿಯೊದಲ್ಲಿ ಈಗ ಪರದೆಯ ಮೇಲಿರುವುದು ಕುದುರೆಮುಖ, 1,894 ಮೀಟರ್ ಎತ್ತರದ ಶಿಖರ. ಕಾರ್ಕಳ, ಬಜಗೋಳಿ, ಮಾಳದ ದಾರಿಯಲ್ಲಿ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ, ಅಂದರೆ ದಕ್ಷಿಣ ಕನ್ನಡ ಜಿಲ್ಲೆಯ ಗಡಿ) ದಾಟಿ, ಸಂಸೆಯ ಕಡೆ ಜೀಪು ಹಿಡಿದು, ಅಲ್ಲಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಚಾರಣದ ದಾರಿಯಲ್ಲಿ ಸಿಗುವ ಒಂಟಿಮರದ ಬಳಿ ನಿಂತು ಎದುರಿನ ಇಳಿಜಾರನ್ನು ಗಮನವಿಟ್ಟು ನೋಡಿ: ಗಾಳಿ ನೇರವಾಗಿ ಬಡಿಯುವ, ಮಣ್ಣು ತೆಳುವಾಗಿರುವ ಏಣುಗಳ ಮೇಲೆಲ್ಲ ಮೊಣಕಾಲುದ್ದದ ಹುಲ್ಲು, ನೀರು ಇಳಿದು ನಿಲ್ಲುವ ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾಗಿ ಬೆಳೆದ ಶೋಲಾ ಕಾಡು. ಎರಡರ ನಡುವಿನ ಗಡಿ ಕತ್ತರಿಸಿಟ್ಟಷ್ಟು ಸ್ಪಷ್ಟ. ಮಳೆಯ ನೀರನ್ನು ಹೀರಿ ಹಿಡಿದಿಟ್ಟುಕೊಂಡು ನಿಧಾನವಾಗಿ ಹೊಳೆಗೆ ಬಿಡುವುದು ಈ ಜೋಡಿಯೇ. ತುಂಗೆ, ಭದ್ರೆ, ನೇತ್ರಾವತಿಯರ ಮೂಲವೂ ಇದೇ ಬೆಟ್ಟಸಾಲಿನಲ್ಲಿದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಇಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದೇ ಇತ್ತು, ಅದಿರಿನ ಪುಡಿ ನೀರಿನೊಂದಿಗೆ ಕೊಳವೆಯಲ್ಲಿ ನಮ್ಮ ಪಣಂಬೂರಿಗೆ ಹರಿದು ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ ಅದು ನಿಂತದ್ದು 2005ರ ಕೊನೆಗೆ. ಅನುಮತಿಯಿಲ್ಲದೆ ಇಲ್ಲಿ ಡ್ರೋನ್ ಹಾರಿಸುವಂತಿಲ್ಲವಾದ್ದರಿಂದ ಆಕಾಶದಿಂದ ತೆಗೆದ ದೃಶ್ಯಗಳನ್ನು ಈ ವಿಡಿಯೊದಲ್ಲಿ ನಿರೀಕ್ಷಿಸಬೇಡಿ.

ಕುಮಾರ ಪರ್ವತದ ಸ್ವಭಾವ ಬೇರೆ. ಕುಕ್ಕೆ ಸುಬ್ರಹ್ಮಣ್ಯದ ತಗ್ಗಿನಿಂದ 1,712 ಮೀಟರಿಗೆ ಏರುವ ಈ ದಾರಿಯಲ್ಲಿ ಮೊದಲ ಹಂತವೆಲ್ಲ ಬೇರುಗಳು ಹೆಣೆದುಕೊಂಡ ದಟ್ಟ ಕಾಡು. ನಡುದಾರಿಯ ತಂಗುದಾಣವಾದ ಗಿರಿಗದ್ದೆ ದಾಟಿದ ಮೇಲೆ ಹುಲ್ಲಿನ ಬೆನ್ನು ತೆರೆದುಕೊಳ್ಳುತ್ತದೆ, ನೆರಳು ಅಲ್ಲಿಗೆ ಬಹುತೇಕ ಮುಗಿಯುತ್ತದೆ. ಕಲ್ಲುಮಂಟಪದಿಂದ, ತುದಿಗೆ ಮೊದಲು ಸಿಗುವ ಶೇಷಪರ್ವತದವರೆಗಿನ ಏರಿನಲ್ಲಿ ಬಿಸಿಲು ಹುಲ್ಲಿನಿಂದಲೇ ಮೇಲೇಳುವಂತೆ ಭಾಸವಾಗುತ್ತದೆ. ಕಾಲಿನ ಬಲ ಪರೀಕ್ಷಿಸಬೇಕೆನ್ನುವವರು ಇಲ್ಲಿಗೆ ಹೋಗಲಿ. ಹುಲ್ಲುಗಾವಲನ್ನು ಕುಳಿತು ನೋಡಬೇಕೆನ್ನುವವರಿಗೆ ಇದು ಸೂಕ್ತವೆಂದು ನನಗನ್ನಿಸುವುದಿಲ್ಲ.

ಮನೆಯ ಹಿರಿಯರನ್ನು ಕರೆದೊಯ್ಯುವುದಾದರೆ ಮುಳ್ಳಯ್ಯನಗಿರಿಯೇ ಸರಿ, ಏಕೆಂದರೆ ರಾಜ್ಯದ ಅತಿ ಎತ್ತರದ ಶಿಖರವಾದರೂ ವಾಹನ ತುದಿಯ ಸಮೀಪಕ್ಕೆ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ವಾರಾಂತ್ಯದಲ್ಲಿ ಮಾತ್ರ ಅಲ್ಲಿ ಹುಲ್ಲಿಗಿಂತ ಕಾರುಗಳೇ ಹೆಚ್ಚು ಕಾಣುತ್ತವೆ. ಉಡುಪಿಯವರಿಗೆ ಕೊಲ್ಲೂರಿನ ದಾರಿಯಲ್ಲಿ 1,343 ಮೀಟರಿನ ಕೊಡಚಾದ್ರಿಯೂ ಇದೆ. ಮೂಕಾಂಬಿಕೆಯ ದರ್ಶನದೊಂದಿಗೆ ಒಂದೇ ದಿನದಲ್ಲಿ ಮುಗಿಯುತ್ತದೆ, ಆದರೆ ಅಲ್ಲಿ ಹುಲ್ಲಿಗಿಂತ ಕಾಡಿನದೇ ಮೇಲುಗೈ.

ಇನ್ನು ತಿಂಗಳಿನ ವಿಚಾರ. ಆಷಾಢ, ಶ್ರಾವಣದಲ್ಲಿ ಹುಲ್ಲು ಎಳೆಯದಾಗಿ ಹಚ್ಚಗಿರುತ್ತದೆ, ಆದರೆ ಮಂಜು ಮುಸುಕಿ ಹತ್ತು ಮಾರಿನಾಚೆ ಏನೂ ಕಾಣದ ದಿನಗಳೇ ಹೆಚ್ಚು, ಇಂಬಳದ ಕಾಟ ಬೇರೆ. ಜನವರಿ ಕಳೆದರೆ ಬೆಟ್ಟವೆಲ್ಲ ಒಣಗಿದ ಮುಳಿಹುಲ್ಲಿನ ಬಣ್ಣಕ್ಕೆ ತಿರುಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದೂ ಉಂಟು. ಹಾಗಾಗಿ ಮಳೆ ಹಿಂದೆ ಸರಿದು, ತೆನೆ ಕಟ್ಟಿದ ಹುಲ್ಲಿನ ತುದಿ ಮಾತ್ರ ಕೆಂಪಾಗಿ ಬುಡ ಇನ್ನೂ ಹಸಿರಾಗಿರುವ ಅಕ್ಟೋಬರ್, ನವೆಂಬರಿನಲ್ಲಿ, ವಾರದ ನಡುವಿನ ಒಂದು ದಿನ, ಕುದುರೆಮುಖಕ್ಕೆ ಹೋಗಿ ಎಂಬುದೇ ನನ್ನ ಸಲಹೆ. ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಕಾಯ್ದಿರಿಸಿ, ಗುರುತಿನ ಚೀಟಿ ಜೊತೆಗಿರಲಿ.